ಎಪ್ಪತ್ತೈದು ದಾಟಿದ ಹೃದಯಕ್ಕೆ ಯಾವ ಪರೀಕ್ಷೆ? ಟಿಎಂಟಿ, ಸ್ಟ್ರೆಸ್ ಎಕೋ, ಥಾಲಿಯಂ, ಸಿಟಿ, ಎಂಆರ್‌ಐ ಹೋಲಿಕೆ

ವಯಸ್ಸಾದವರಲ್ಲಿ ಹೃದಯದ ತೊಂದರೆ ಎದೆನೋವಾಗಿಯೇ ಬರಬೇಕೆಂದಿಲ್ಲ. ಒಂದೇ ಸಲಕ್ಕೆ ಹತ್ತುತ್ತಿದ್ದ ಮಹಡಿ ಮೆಟ್ಟಿಲಿಗೆ ಈಗ ನಡುವೆ ಒಮ್ಮೆ ನಿಲ್ಲಬೇಕು. ಊಟ ಮಾಡಿ ನಡೆದರೆ ಎದೆಯಲ್ಲಿ ಗ್ಯಾಸ್ ಕಟ್ಟಿದ ಹಾಗೆ, ದವಡೆಯಲ್ಲೋ ಎಡಭುಜದಲ್ಲೋ ಸೆಳೆತ, ನಿಂತರೆ ಐದು ನಿಮಿಷದಲ್ಲಿ ಸರಿ. ಸಕ್ಕರೆ ಕಾಯಿಲೆ ಇದ್ದವರಿಗೆ ಅಷ್ಟೂ ಇಲ್ಲದೆ ಬರೀ ಸುಸ್ತು. ಡಾಕ್ಟರು ಹೃದಯಕ್ಕೆ ರಕ್ತ ಸಾಲುತ್ತಿದೆಯೋ ಇಲ್ಲವೋ ನೋಡೋಣ ಎನ್ನುತ್ತಾರೆ. ಅವರ ಚೀಟಿಯಲ್ಲಿ ಒಂದು ಪರೀಕ್ಷೆಯ ಹೆಸರಿರುತ್ತದೆ, ನೆಂಟರು ಇನ್ನೊಂದು ಹೇಳುತ್ತಾರೆ, ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಮೂರನೆಯದು ಇರುತ್ತದೆ.

ನಲವತ್ತೈದರವರಿಗೆ ಹೇಳುವ ಸಲಹೆ ಎಪ್ಪತ್ತೆಂಟರವರಿಗೆ ಹೊಂದುವುದಿಲ್ಲ. ಈ ವಯಸ್ಸಿನಲ್ಲಿ ಯಾವ ಪರೀಕ್ಷೆ ಎಂದು ತೀರ್ಮಾನಿಸುವುದು ಮಂಡಿ, ಶ್ವಾಸಕೋಶ, ಕಿಡ್ನಿ, ಹಳೆಯ ಇಸಿಜಿ, ರಕ್ತನಾಳದಲ್ಲಿ ಕಟ್ಟಿರುವ ಕ್ಯಾಲ್ಸಿಯಂ, ಜೊತೆಗೆ ಬಂದ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೋ ಇಲ್ಲವೋ ಎಂಬ ಪ್ರಶ್ನೆ. ಯಂತ್ರ ಎಷ್ಟು ಹೊಸದು ಎಂಬುದು ಆಮೇಲಿನ ಮಾತು.

ಈ ಸಾಲಿನಲ್ಲಿ ನಿಲ್ಲಬಾರದವರು

ಸುಮ್ಮನೆ ಕೂತಿದ್ದಾಗಲೇ ಎದೆ ಹಿಂಡುತ್ತಿದ್ದರೆ, ಬೆವರು ಹರಿಯುತ್ತಿದ್ದರೆ, ನೋವು ಹದಿನೈದು ಇಪ್ಪತ್ತು ನಿಮಿಷವಾದರೂ ಇಳಿಯದಿದ್ದರೆ ಕೆಳಗಿನ ಯಾವ ಪರೀಕ್ಷೆಯೂ ಬೇಡ. 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಬೇಕಾದದ್ದು ಹತ್ತು ನಿಮಿಷದೊಳಗೆ ಇಸಿಜಿ, ಆಮೇಲೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ. ಕರ್ನಾಟಕದಲ್ಲಿ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ, ಹೃದಯಾಘಾತ ಖಚಿತವಾದರೆ ರಕ್ತದ ಗರಣೆ ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುವ ವ್ಯವಸ್ಥೆ ಇದೆ. ಇಂಥ ಹೊತ್ತಿನಲ್ಲಿ ಟ್ರೆಡ್‌ಮಿಲ್ ಹತ್ತಿಸುವುದು ಅಪಾಯ.

ನಡೆದಾಗ ಬಂದು ನಿಂತಾಗ ಹೋಗುವ, ತಿಂಗಳುಗಟ್ಟಲೆ ಹೆಚ್ಚುಕಡಿಮೆ ಒಂದೇ ರೀತಿ ಇರುವ ತೊಂದರೆಗೆ ಮಾತ್ರ ಈ ಹೋಲಿಕೆ.

ಮೊದಲು ನಾಲ್ಕು ಸಣ್ಣ ಪರೀಕ್ಷೆ

ದೊಡ್ಡ ಪರೀಕ್ಷೆಗೆ ಹಣ ಕಟ್ಟುವ ಮುಂಚೆ ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಇಸಿಜಿ, ಮಾಮೂಲಿ ಎಕೋ (ಹೃದಯದ ಅಲ್ಟ್ರಾಸೌಂಡ್) ಆಗಿರಲೇಬೇಕು. ಮೂಲವ್ಯಾಧಿಯಿಂದಲೋ, ಆಸ್ಪಿರಿನ್ನಿಂದ ಹೊಟ್ಟೆಯಲ್ಲಿ ಹುಣ್ಣಾಗಿಯೋ ಸದ್ದಿಲ್ಲದೆ ರಕ್ತ ಹೋಗಿ ಹಿಮೋಗ್ಲೋಬಿನ್ 7ಕ್ಕೆ ಇಳಿದಿರುವ ಅಜ್ಜಿಗೆ ರಕ್ತನಾಳದಲ್ಲಿ ಸಾಧಾರಣ ಬ್ಲಾಕ್ ಇದ್ದರೂ ಎದೆ ಬಿಗಿಯುತ್ತದೆ. ಅವರಿಗೆ ಮೊದಲು ರಕ್ತ ಸರಿಪಡಿಸಬೇಕು.

ಎಕೋದಲ್ಲಿ ನೋಡಬೇಕಾದ ದೊಡ್ಡ ವಿಷಯ ಅಯೋರ್ಟಿಕ್ ವಾಲ್ವ್. ವಯಸ್ಸಾದಂತೆ ಈ ಕವಾಟಕ್ಕೆ ಕ್ಯಾಲ್ಸಿಯಂ ಕಟ್ಟಿ ಬಾಯಿ ಕಿರಿದಾಗುತ್ತದೆ. ಆಗಲೂ ನಡೆದರೆ ಎದೆನೋವು, ಏದುಸಿರು, ತಲೆಸುತ್ತು. ಕವಾಟ ತೀವ್ರವಾಗಿ ಕಿರಿದಾಗಿ ಇಂಥ ಲಕ್ಷಣಗಳೂ ಇದ್ದರೆ ಸ್ಟ್ರೆಸ್ ಪರೀಕ್ಷೆ, ಅಂದರೆ ಹೃದಯಕ್ಕೆ ಕೆಲಸ ಕೊಟ್ಟು ನೋಡುವ ಪರೀಕ್ಷೆ, ಮಾಡಲೇಬಾರದು. ಎಕೋ ನೋಡದೆ ಟಿಎಂಟಿಗೆ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆಗೆ) ನಿಲ್ಲಿಸಿದರೆ ಬೆಲ್ಟಿನ ಮೇಲೆಯೇ ಎಚ್ಚರ ತಪ್ಪಿ ಬೀಳುವುದು ಇಂಥವರು.

ಕ್ರಿಯಾಟಿನಿನ್ ವಿಷಯದಲ್ಲಿ ಒಂದು ಮೋಸ ಇದೆ. ವರದಿಯಲ್ಲಿ 1.2 ಎಂದು ಕಂಡರೆ ಮನೆಯವರು ನಾರ್ಮಲ್ ಎಂದುಕೊಳ್ಳುತ್ತಾರೆ. 78 ವರ್ಷದ ಹೆಂಗಸಿಗೆ ಅದೇ 1.2 ಅಂದರೆ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಸುಮಾರು 46, ಅಂದರೆ ಕಿಡ್ನಿಯ ಕೆಲಸ ಅರ್ಧದಷ್ಟು. ಸ್ನಾಯು ಕರಗಿ ತೆಳ್ಳಗಾದವರಲ್ಲಿ ನಿಜಸ್ಥಿತಿ ಇನ್ನೂ ಕಡಿಮೆ ಇರಬಹುದು. ಕಾಂಟ್ರಾಸ್ಟ್ (ಚಿತ್ರದಲ್ಲಿ ನಾಳ ಎದ್ದು ಕಾಣಲು ಚುಚ್ಚುವ ಔಷಧ) ಹಾಕುವ ಪರೀಕ್ಷೆಗೆ ಲೆಕ್ಕಕ್ಕೆ ಬರುವುದು ಇಜಿಎಫ್‌ಆರ್. ವರದಿಯಲ್ಲಿ ಅದು ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಸ್ಟ್ರೆಸ್ ಯಾಕೆ ಬೇಕು

ಸುಮ್ಮನಿರುವಾಗ ಹೃದಯಕ್ಕೆ ಬೇಕಾಗುವ ರಕ್ತ ಕಡಿಮೆ. ನಾಳ 80 ಭಾಗ ಕಟ್ಟಿದ್ದರೂ ಅದರ ಮುಂದಿನ ಸಣ್ಣ ನಾಳಗಳು ಅಗಲವಾಗಿ ಸರಿದೂಗಿಸಿಕೊಳ್ಳುತ್ತವೆ. ಅದಕ್ಕೇ ಸಾಧಾರಣ ಇಸಿಜಿ, ಸಾಧಾರಣ ಎಕೋ ಎರಡೂ ಚೆನ್ನಾಗಿ ಬಂದಿರುವ ಮನುಷ್ಯನಲ್ಲಿ ದೊಡ್ಡ ಬ್ಲಾಕ್ ಇರಬಹುದು. ಆರೋಗ್ಯವಂತ ನಾಳ ಕೆಲಸ ಬಿದ್ದಾಗ ರಕ್ತವನ್ನು ಮೂರು ನಾಲ್ಕು ಪಟ್ಟು ಹೆಚ್ಚಿಸಬಲ್ಲದು. ಕಟ್ಟಿದ ನಾಳಕ್ಕೆ ಅದು ಆಗುವುದಿಲ್ಲ. ಆ ವ್ಯತ್ಯಾಸವನ್ನು ಎಬ್ಬಿಸಿ ತೋರಿಸುವುದೇ ಸ್ಟ್ರೆಸ್. ನಡೆಸಿ ಎಬ್ಬಿಸಬಹುದು, ಡೊಬ್ಯುಟಮಿನ್ ಕೊಟ್ಟು ಹೃದಯವನ್ನು ಓಡಿಸಬಹುದು, ಇಲ್ಲವೇ ಅಡಿನೋಸಿನ್‌ನಂಥ ಔಷಧದಿಂದ ನಾಳಗಳನ್ನು ಹಿಗ್ಗಿಸಬಹುದು.

ರಕ್ತ ಸಾಲದಾದಾಗ ಹೃದಯದಲ್ಲಿ ಆಗುವುದಕ್ಕೆ ಒಂದು ಕ್ರಮವಿದೆ. ಮೊದಲು ಆ ಭಾಗದ ರಕ್ತಸಂಚಾರದಲ್ಲಿ ವ್ಯತ್ಯಾಸ, ಆಮೇಲೆ ಆ ಗೋಡೆಯ ಅಲುಗಾಟ ಮಂದ, ಆಮೇಲೆ ಇಸಿಜಿಯಲ್ಲಿ ಬದಲಾವಣೆ, ಕೊನೆಗೆ ನೋವು. ಥಾಲಿಯಂ, ಪೆಟ್ (ಎರಡೂ ವಿಕಿರಣ ಸೂಸುವ ಔಷಧ ಚುಚ್ಚಿ ತೆಗೆಯುವ ಸ್ಕ್ಯಾನ್), ಎಂಆರ್‌ಐ ಮೊದಲ ಮೆಟ್ಟಿಲನ್ನೇ ಹಿಡಿಯುತ್ತವೆ. ಸ್ಟ್ರೆಸ್ ಎಕೋ ಎರಡನೆಯದನ್ನು, ಟಿಎಂಟಿ ಮೂರನೆಯದನ್ನು. ಒಂದೇ ರೋಗಿಗೆ ಟಿಎಂಟಿ ನೆಗೆಟಿವ್, ಥಾಲಿಯಂ ಪಾಸಿಟಿವ್ ಬಂದಾಗ ಯಾವುದೋ ಒಂದು ಲ್ಯಾಬ್ ತಪ್ಪು ಮಾಡಿದೆ ಎಂದುಕೊಳ್ಳಬೇಕಾಗಿಲ್ಲ. ಎರಡೂ ನೋಡುತ್ತಿರುವ ಮೆಟ್ಟಿಲು ಬೇರೆ.

ಟಿಎಂಟಿ: ಅಗ್ಗ, ಎಲ್ಲೆಡೆ ಸಿಗುತ್ತದೆ, ಈ ವಯಸ್ಸಿಗೆ ಅಪರೂಪಕ್ಕೆ ಸರಿ

ಹೆಚ್ಚಿನ ಕಡೆ ನಡೆಸುವುದು ಬ್ರೂಸ್ ಕ್ರಮದಲ್ಲಿ. ಮೊದಲ ಮೂರು ನಿಮಿಷ ಗಂಟೆಗೆ 2.7 ಕಿಲೋಮೀಟರ್ ವೇಗ, ಶೇ 10ರ ಏರು. ಮುಂದಿನ ಮೂರು ನಿಮಿಷ 4 ಕಿಲೋಮೀಟರ್, ಶೇ 12ರ ಏರು. ಕೇಳಲು ಸುಲಭ ಅನ್ನಿಸುತ್ತದೆ, ಆದರೆ ಮಂಡಿ ಸವೆದವರಿಗೆ ಆ ಏರೇ ಆಗುವುದಿಲ್ಲ. ಏರಿಲ್ಲದೆ ಶುರುಮಾಡುವ ಮಾಡಿಫೈಡ್ ಬ್ರೂಸ್ ಇದೆ. ವಯಸ್ಸಾದವರಿಗೆ ಅದನ್ನೇ ಮಾಡಿ ಎಂದು ಕೇಳಬಹುದು, ಕೇಳಬೇಕು.

ಗುರಿ ಹೃದಯ ಬಡಿತದ ಲೆಕ್ಕ ಇದು: 220ರಲ್ಲಿ ವಯಸ್ಸನ್ನು ಕಳೆದು, ಅದರ ಶೇ 85. 78 ವರ್ಷಕ್ಕೆ 142ರ ಶೇ 85, ಸುಮಾರು 121. ಎರಡು ನಿಮಿಷ ನಡೆದು ಕಾಲು ಸೋತು ಬಡಿತ 98ಕ್ಕೆ ನಿಂತರೆ ಹೃದಯಕ್ಕೆ ಪರೀಕ್ಷೆಯೇ ಆಗಲಿಲ್ಲ. ವರದಿಯಲ್ಲಿ "ಇನಡಿಕ್ವೇಟ್" ಅಥವಾ "ಇನ್‌ಕನ್‌ಕ್ಲೂಸಿವ್" ಎಂದು ಬರೆದಿರುತ್ತಾರೆ. ಮನೆಗೆ ಬರುವಷ್ಟರಲ್ಲಿ ಅದು "ಏನೂ ಇಲ್ಲವಂತೆ" ಎಂದಾಗಿರುತ್ತದೆ. ವಯಸ್ಸಾದವರ ಟಿಎಂಟಿಯಲ್ಲಿ ಆಗುವ ಅತಿ ದೊಡ್ಡ ಅನಾಹುತ ಇದೇ. ವರದಿ ಕೈಗೆ ಬಂದ ತಕ್ಷಣ ಎಷ್ಟು ನಿಮಿಷ ನಡೆದರು, ಬಡಿತ ಎಷ್ಟಕ್ಕೆ ಏರಿತು, ನಿಲ್ಲಿಸಿದ ಕಾರಣ ಏನು, ಈ ಮೂರನ್ನು ನೋಡಿ. ಮಾಮೂಲಿ ತೆಗೆದುಕೊಳ್ಳುವ ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆಗಳೂ ಬಡಿತವನ್ನು ಏರಲು ಬಿಡುವುದಿಲ್ಲ. ರೋಗ ಪತ್ತೆಗೆಂದು ಮಾಡುವಾಗ ಡಾಕ್ಟರು ಇವನ್ನು 24ರಿಂದ 48 ಗಂಟೆ ನಿಲ್ಲಿಸಲು ಹೇಳುವುದುಂಟು. ಅವರು ಹೇಳದೆ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ನೋವು ಉಲ್ಬಣಿಸಬಹುದು.

ಇಸಿಜಿಯಲ್ಲಿ ಮೊದಲೇ ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್ (ಇದು ರಕ್ತನಾಳದ ಬ್ಲಾಕ್ ಅಲ್ಲ, ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಹೋಗುವ ದಾರಿಯ ತಡೆ) ಇದ್ದರೆ, ಪೇಸ್‌ಮೇಕರ್ ಮಿಡಿಯುತ್ತಿದ್ದರೆ, ಬಿಪಿಯಿಂದ ಹೃದಯ ದಪ್ಪವಾಗಿ ಎಸ್‌ಟಿ ರೇಖೆ (ರಕ್ತ ಸಾಲದಾದಾಗ ಇಸಿಜಿಯಲ್ಲಿ ಇಳಿಯುವ ಭಾಗ) ಮೊದಲೇ ಕೆಳಗಿಳಿದಿದ್ದರೆ, ಡಿಗಾಕ್ಸಿನ್ ಮಾತ್ರೆ ನುಂಗುತ್ತಿದ್ದರೆ ಟಿಎಂಟಿ ಓದಲು ಬರುವುದಿಲ್ಲ. ಈ ವಯಸ್ಸಿನಲ್ಲಿ ಇದರಲ್ಲಿ ಒಂದಾದರೂ ಇರುವವರು ಬಹಳ. ಎಲ್ಲ ಸರಿ ಇದ್ದವರಲ್ಲೂ ಬ್ಲಾಕ್ ಇರುವ ನೂರು ಜನರಲ್ಲಿ ಇದು ಹಿಡಿಯುವುದು ಸುಮಾರು 68 ಮಂದಿಯನ್ನು. ದಿನಾ ಮೂರು ಕಿಲೋಮೀಟರ್ ನಡೆಯುವ, ಇಸಿಜಿ ಶುದ್ಧವಾಗಿರುವ 72ರ ತಂದೆಗೆ ಟಿಎಂಟಿ ಒಳ್ಳೆಯದೇ. ಎಷ್ಟು ದೂರ ನಡೆಯಬಲ್ಲರು ಎಂಬುದೇ ಮುಂದಿನ ವರ್ಷಗಳ ಬಗ್ಗೆ ಬಹಳಷ್ಟು ಹೇಳುತ್ತದೆ. ಉಳಿದವರು ಇದನ್ನು ಬಿಟ್ಟು ನೇರ ಮುಂದಿನದಕ್ಕೆ ಹೋಗುವುದು ಲೇಸು.

ಡೊಬ್ಯುಟಮಿನ್ ಸ್ಟ್ರೆಸ್ ಎಕೋ

ಕಾಲು ನಡೆಯದವರ ಹೃದಯವನ್ನು ಮಂಚದ ಮೇಲೆಯೇ ಓಡಿಸುವ ಕ್ರಮ ಇದು. ಕೈಯ ನರಕ್ಕೆ ಸೂಜಿ ಹಾಕಿ ಡೊಬ್ಯುಟಮಿನ್ ಅನ್ನು ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 5 ಅಥವಾ 10 ಮೈಕ್ರೋಗ್ರಾಂನಿಂದ ಶುರುಮಾಡಿ, ಮೂರು ಮೂರು ನಿಮಿಷಕ್ಕೆ 20, 30, 40ಕ್ಕೆ ಏರಿಸುತ್ತಾರೆ. ಗುರಿ ಬಡಿತ ಬರದಿದ್ದರೆ ಅಟ್ರೋಪಿನ್ ಸೇರಿಸುತ್ತಾರೆ. ಪ್ರತಿ ಹಂತದಲ್ಲೂ ಎಕೋದಲ್ಲಿ ಎಡ ಕುಳಿಯ (ದೇಹಕ್ಕೆ ರಕ್ತ ಪಂಪ್ ಮಾಡುವ ಕೋಣೆಯ) 17 ಭಾಗಗಳನ್ನು ನೋಡುತ್ತಾರೆ. ಶುರುವಿನಲ್ಲಿ ಚೆನ್ನಾಗಿ ಕುಗ್ಗುತ್ತಿದ್ದ ಗೋಡೆ ಬಡಿತ ಏರಿದಾಗ ಸೋತರೆ ಅಲ್ಲಿಗೆ ರಕ್ತ ಸಾಲುತ್ತಿಲ್ಲ.

ವಿಕಿರಣ ಇಲ್ಲ, ಅಯೋಡಿನ್ ಕಾಂಟ್ರಾಸ್ಟ್ ಇಲ್ಲ. ಕಿಡ್ನಿ ಕೆಟ್ಟವರಿಗೂ, ಉಬ್ಬಸ ಇರುವವರಿಗೂ ಆಗುತ್ತದೆ. ಅರ್ಧ ಮುಕ್ಕಾಲು ಗಂಟೆಯ ಕೆಲಸ, ಉತ್ತರ ಅಲ್ಲೇ. ಆದರೆ ಅದು ನಿಂತಿರುವುದು ನೋಡುವವರ ಕಣ್ಣಿನ ಮೇಲೆ. ದಿನಕ್ಕೆ ನಾಲ್ಕಾರು ಮಾಡುವ ಜಾಗಕ್ಕೂ ತಿಂಗಳಿಗೊಂದು ಮಾಡುವ ಜಾಗಕ್ಕೂ ಬಹಳ ಅಂತರ. ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ, ಸ್ಥೂಲದೇಹಿಗಳಲ್ಲಿ ಚಿತ್ರವೇ ಮಸುಕು. ಮಾಮೂಲಿ ಎಕೋ ವರದಿಯಲ್ಲಿ "ಪೂರ್ ವಿಂಡೋ" ಎಂದು ಬರೆದಿದ್ದರೆ ಸ್ಟ್ರೆಸ್ ಎಕೋಗೆ ಹೋಗಿ ಪ್ರಯೋಜನ ಕಡಿಮೆ.

ವಯಸ್ಸಾದವರಲ್ಲಿ ಜೋಪಾನ ಮಾಡಬೇಕಾದದ್ದು ಎರಡು. ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಿಗೆ ಅಟ್ರೋಪಿನ್‌ನಿಂದ ಮೂತ್ರ ಕಟ್ಟಿಕೊಳ್ಳಬಹುದು, ಒಂದು ಬಗೆಯ ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಏರಬಹುದು. ಇವೆರಡನ್ನೂ ಮೊದಲೇ ಹೇಳಿ. ಇನ್ನೊಂದು, ಬಿಪಿಯಿಂದ ಗೋಡೆ ದಪ್ಪವಾಗಿ ಕುಳಿ ಚಿಕ್ಕದಾಗಿರುವ ಅಜ್ಜಿಯರಲ್ಲಿ ಡೊಬ್ಯುಟಮಿನ್ ಏರಿದಂತೆ ಹೃದಯ ತನ್ನ ದಾರಿಯನ್ನು ತಾನೇ ಮುಚ್ಚಿಕೊಂಡು ಬಿಪಿ ಕುಸಿಯುತ್ತದೆ. ಅದನ್ನು ಬ್ಲಾಕ್ ಎಂದು ಓದಬಾರದು. ಬಡಿತ ಅಡ್ಡಾದಿಡ್ಡಿಯಾಗುವುದೂ ಉಂಟು, ಹೆಚ್ಚಿನವು ಔಷಧ ನಿಲ್ಲಿಸಿದಾಗ ಶಾಂತವಾಗುತ್ತವೆ.

ಥಾಲಿಯಂ ಟೆಸ್ಟ್, ಮತ್ತು ಬೆಳಗಿನ ಕಾಫಿ

ಜನರ ಬಾಯಲ್ಲಿ ಇಂದಿಗೂ ಥಾಲಿಯಂ. ಬಹುಪಾಲು ಕಡೆ ಈಗ ಹಾಕುವುದು ಟೆಕ್ನೀಷಿಯಂ. ಥಾಲಿಯಂನ ವಿಕಿರಣ ಅರ್ಧವಾಗಲು 73 ಗಂಟೆ ಬೇಕು, ಟೆಕ್ನೀಷಿಯಂಗೆ 6 ಗಂಟೆ ಸಾಕು. ಚಿತ್ರವೂ ಸ್ಪಷ್ಟ, ವಿಕಿರಣವೂ ಕಡಿಮೆ. ಚೀಟಿಯಲ್ಲಿ ಸ್ಪೆಕ್ಟ್, ಎಂಪಿಐ, ಮಿಬಿ ಸ್ಕ್ಯಾನ್ ಎಂದೆಲ್ಲ ಬರೆದಿರುತ್ತಾರೆ, ಎಲ್ಲ ಒಂದೇ ಮನೆತನ.

ನಡೆಯಲಾಗದ ಹಿರಿಯರಿಗೆ ಇವತ್ತು ಹೆಚ್ಚಾಗಿ ಒದಗುವ ಪರೀಕ್ಷೆ ಇದು, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ. ವಿಶ್ರಾಂತಿಯಲ್ಲಿ ಒಂದು ಇಂಜೆಕ್ಷನ್, ಮುಕ್ಕಾಲು ಗಂಟೆ ಕಾಯುವುದು, ಚಿತ್ರ. ಆಮೇಲೆ ಸ್ಟ್ರೆಸ್ ಕೊಟ್ಟು ಎರಡನೇ ಇಂಜೆಕ್ಷನ್, ಮತ್ತೆ ಕಾಯುವುದು, ಮತ್ತೆ ಚಿತ್ರ. ಒಟ್ಟು ಮೂರು ನಾಲ್ಕು ಗಂಟೆ. ಕಾಯಿಸುವುದು ಯಾಕೆಂದರೆ ಈ ಔಷಧ ಪಿತ್ತಕೋಶದ ಮೂಲಕ ಕರುಳಿಗೆ ಇಳಿಯುತ್ತದೆ. ಅದು ಹೃದಯದ ಕೆಳಗೋಡೆಯ ಪಕ್ಕದಲ್ಲೇ ಹೊಳೆಯುತ್ತಿದ್ದರೆ ಚಿತ್ರ ಓದಲಾಗುವುದಿಲ್ಲ. ಅದಕ್ಕೇ ನಡುವೆ ನೀರು ಕುಡಿಯಿರಿ, ಏನಾದರೂ ತಿನ್ನಿ, ಓಡಾಡಿ ಎನ್ನುತ್ತಾರೆ. ಅವಸರ ಮಾಡಿ "ಬೇಗ ತೆಗೆದುಬಿಡಿ" ಎಂದು ಒತ್ತಾಯಿಸಿದರೆ ಕೆಡುವುದು ನಿಮ್ಮದೇ ವರದಿ.

ಸ್ಟ್ರೆಸ್‌ಗೆ ಸಾಮಾನ್ಯವಾಗಿ ಅಡಿನೋಸಿನ್: ಕಿಲೋಗೆ ನಿಮಿಷಕ್ಕೆ 140 ಮೈಕ್ರೋಗ್ರಾಂನಂತೆ ನಾಲ್ಕರಿಂದ ಆರು ನಿಮಿಷ. ಕೆಲವೆಡೆ ರೆಗಾಡೆನೋಸನ್: ಯಾರ ತೂಕ ಎಷ್ಟಿದ್ದರೂ 0.4 ಮಿಲಿಗ್ರಾಂ, ಹತ್ತು ಸೆಕೆಂಡಿನಲ್ಲಿ ಒಂದೇ ಸಲಕ್ಕೆ. ಮುಖ ಬಿಸಿಯಾಗುತ್ತದೆ, ಎದೆ ಬಿಗಿಯುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಅಡಿನೋಸಿನ್ ಹತ್ತು ಸೆಕೆಂಡಿನೊಳಗೆ ಅರ್ಧವಾಗುವ ಔಷಧ, ನಿಲ್ಲಿಸಿದ ಒಂದೆರಡು ನಿಮಿಷದಲ್ಲಿ ಎಲ್ಲ ಇಳಿಯುತ್ತದೆ. ಇದನ್ನು ಅಜ್ಜಿಗೆ ಮೊದಲೇ ಕೂತು ಹೇಳಿ. ಹೇಳದೆ ಕಳಿಸಿದರೆ ಆ ನಾಲ್ಕು ನಿಮಿಷ ಜೀವ ಹೋಗುತ್ತಿದೆ ಎಂದೇ ಹೆದರುತ್ತಾರೆ.

ಈಗ ಕಾಫಿ. ಕೆಫೀನ್ ಅಡಿನೋಸಿನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಆಗ ಔಷಧ ಹರಿದರೂ ನಾಳ ಹಿಗ್ಗುವುದಿಲ್ಲ, ವ್ಯತ್ಯಾಸ ಏಳುವುದಿಲ್ಲ, ಬ್ಲಾಕ್ ಇದ್ದರೂ ಚಿತ್ರ ನಾರ್ಮಲ್ ಬರುತ್ತದೆ. ಕನಿಷ್ಠ 12 ಗಂಟೆ, ಹಲವು ಕೇಂದ್ರಗಳಲ್ಲಿ 24 ಗಂಟೆ ಕೆಫೀನ್ ಬೇಡ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ "ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದರೆ ತಿಂಡಿ ಬೇಡ, ಅರ್ಧ ಲೋಟ ಕಾಫಿ ನಡೆಯುತ್ತದೆ ಎಂಬುದೇ ಅರ್ಥ. ಐದೂವರೆಗೆ ಡಿಕಾಕ್ಷನ್ ಇಳಿಸಿ ಬೆರೆಸಿದ ಒಂದು ಲೋಟ ಸಾವಿರಾರು ರೂಪಾಯಿಯ ಪರೀಕ್ಷೆಯನ್ನು ಹಾಳುಮಾಡಿ, ಅದಕ್ಕಿಂತ ಕೆಟ್ಟದಾಗಿ, ಸುಳ್ಳು ಧೈರ್ಯ ಕೊಟ್ಟು ಕಳಿಸುತ್ತದೆ. ಟೀ, ಕೋಲಾ, ಚಾಕೊಲೇಟ್, ಕೆಫೀನ್ ಇರುವ ತಲೆನೋವಿನ ಮಾತ್ರೆ, ಡಿಕ್ಯಾಫ್ ಕಾಫಿ ಕೂಡ ಬೇಡ. ಅಭ್ಯಾಸಬಲದಿಂದ ಕುಡಿದುಬಿಟ್ಟಿದ್ದರೆ ಮುಚ್ಚಿಡದೆ ಹೇಳಿ, ಇನ್ನೊಂದು ದಿನ ಕೊಡುತ್ತಾರೆ.

ಕಾಫಿಯನ್ನು ಎಲ್ಲರೂ ಕೇಳುತ್ತಾರೆ, ಡೆರಿಫಿಲ್ಲಿನ್ ಅನ್ನು ಕೇಳಲು ಮರೆಯುತ್ತಾರೆ. ದಮ್ಮಿಗೆ ವರ್ಷಾನುಗಟ್ಟಲೆ ನುಂಗುವ ಈ ಮಾತ್ರೆಯಲ್ಲಿ ಥಿಯೋಫಿಲಿನ್ ಇದೆ. ಅದು ಕೆಫೀನ್‌ನ ಹತ್ತಿರದ ನೆಂಟ, ಅಡಿನೋಸಿನ್ ಅನ್ನು ಹಾಗೆಯೇ ತಡೆಯುತ್ತದೆ. ಡಾಕ್ಟರ ಒಪ್ಪಿಗೆಯಿಂದ 48 ಗಂಟೆ ಮೊದಲೇ ನಿಲ್ಲಿಸಬೇಕು. ನಿಲ್ಲಿಸಿದರೆ ದಮ್ಮು ಏರುತ್ತದೆ ಎನ್ನುವಂಥವರಿಗೆ ಅಡಿನೋಸಿನ್ನೇ ಸರಿಯಲ್ಲ, ಏಕೆಂದರೆ ಸುಯ್ಯೆಂದು ಉಬ್ಬಸ ಇರುವಾಗ ಅದು ಶ್ವಾಸನಾಳವನ್ನು ಇನ್ನೂ ಬಿಗಿಯುತ್ತದೆ. ಅವರಿಗೆ ಡೊಬ್ಯುಟಮಿನ್. ಪೇಸ್‌ಮೇಕರ್ ಇಲ್ಲದೆ ಎರಡನೇ ಅಥವಾ ಮೂರನೇ ದರ್ಜೆಯ ಹಾರ್ಟ್ ಬ್ಲಾಕ್ (ಬಡಿತದ ವಿದ್ಯುತ್ ಸಂಕೇತಕ್ಕೆ ತಡೆ) ಇರುವವರಿಗೂ, ಮೇಲಿನ ಬಿಪಿ 90ಕ್ಕಿಂತ ಕೆಳಗಿರುವವರಿಗೂ ಅಡಿನೋಸಿನ್ ಕೊಡುವುದಿಲ್ಲ. ತೊಂದರೆಯಾದರೆ ಇಳಿಸಲು ಅಮೈನೋಫಿಲಿನ್ ಇಂಜೆಕ್ಷನ್ ಪಕ್ಕದಲ್ಲೇ ಇರಬೇಕು.

ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್ ಇರುವವರಿಗೂ ಪೇಸ್‌ಮೇಕರ್ ಮಿಡಿಯುವವರಿಗೂ ಒಂದು ನಿಯಮ: ಥಾಲಿಯಂ ಮಾಡುವುದಾದರೆ ಅಡಿನೋಸಿನ್ ಜೊತೆಗೇ ಮಾಡಬೇಕು. ನಡೆಸಿದರೆ ಅಥವಾ ಡೊಬ್ಯುಟಮಿನ್ ಕೊಟ್ಟರೆ ಬಡಿತ ಏರಿ, ಬ್ಲಾಕ್ ಇಲ್ಲದಿದ್ದರೂ ನಡುಗೋಡೆಯಲ್ಲಿ ಕಪ್ಪು ಕಾಣುತ್ತದೆ.

ಚಿತ್ರ ತೆಗೆಯುವಾಗ ಎಡಗೈ ತಲೆಯ ಮೇಲೆತ್ತಿ ಹದಿನೈದು ಇಪ್ಪತ್ತು ನಿಮಿಷ ಅಲುಗದೆ ಮಲಗಬೇಕು. ಭುಜ ಹಿಡಿದುಕೊಂಡಿರುವವರಿಗೆ ಇದೇ ಕಷ್ಟ. ಮೊದಲೇ ಹೇಳಿದರೆ ದಿಂಬು ಕೊಟ್ಟು ಆಸರೆ ಮಾಡುತ್ತಾರೆ. ಅಲುಗಿದರೆ ಸುಳ್ಳು ಬ್ಲಾಕ್ ಕಾಣುತ್ತದೆ.

ವಿಕಿರಣ ಸುಮಾರು 10 ಮಿಲಿಸೀವರ್ಟ್. ನಿಸರ್ಗದಿಂದಲೇ ವರ್ಷಕ್ಕೆ ಮನುಷ್ಯನಿಗೆ ಸರಾಸರಿ 2.4 ಸಿಗುತ್ತದೆ. ವಿಕಿರಣದಿಂದ ಕ್ಯಾನ್ಸರ್ ಬರುವುದಿದ್ದರೂ ವರ್ಷ, ದಶಕಗಳು ಬೇಕು. 78ರ ವಯಸ್ಸಿನಲ್ಲಿ ಈ ಒಂದು ಕಾರಣಕ್ಕೆ ಸರಿಯಾದ ಪರೀಕ್ಷೆಯನ್ನು ಬಿಡುವುದು ನಮ್ಮ ದೃಷ್ಟಿಯಲ್ಲಿ ತಪ್ಪು ಲೆಕ್ಕ. ಅವತ್ತು ಒಂದು ದಿನ ಮೊಮ್ಮಗುವನ್ನು ಮಡಿಲಲ್ಲಿ ಹೊತ್ತುಗಟ್ಟಲೆ ಕೂರಿಸಿಕೊಳ್ಳದಿದ್ದರೆ, ಬಸುರಿ ಸೊಸೆಯಿಂದ ಸ್ವಲ್ಪ ದೂರ ಇದ್ದರೆ ಸಾಕು.

ಆ ವರದಿಯನ್ನು ಓದುವುದು ಹೀಗೆ

"ರಿವರ್ಸಿಬಲ್ ಡಿಫೆಕ್ಟ್" ಎಂದರೆ ಸ್ಟ್ರೆಸ್‌ನಲ್ಲಿ ಕಪ್ಪು, ವಿಶ್ರಾಂತಿಯಲ್ಲಿ ಬಣ್ಣ: ರಕ್ತ ಸಾಲುತ್ತಿಲ್ಲ, ಸ್ನಾಯು ಜೀವಂತ. "ಫಿಕ್ಸ್ಡ್" ಎಂದರೆ ಎರಡರಲ್ಲೂ ಕಪ್ಪು: ಹಳೆಯ ಹೃದಯಾಘಾತದ ಕಲೆ, ಅಥವಾ ಬರೀ ನೆರಳು. ಗಂಡಸರಲ್ಲಿ ವಪೆ ಕೆಳಗೋಡೆಯ ಮೇಲೆ, ಹೆಂಗಸರಲ್ಲಿ ಸ್ತನ ಮುಂಗೋಡೆಯ ಮೇಲೆ ನೆರಳು ಬೀಳಿಸುತ್ತದೆ. ಕಪ್ಪು ಕಂಡ ಆ ಗೋಡೆ ಬಡಿತದಲ್ಲಿ ಚೆನ್ನಾಗಿ ದಪ್ಪವಾಗುತ್ತಿದ್ದರೆ ನೆರಳೆಂದೇ ಲೆಕ್ಕ.

17 ಭಾಗಕ್ಕೆ ತಲಾ 0ಯಿಂದ 4 ಅಂಕ, ಒಟ್ಟು 68. ಅಂಕ ಹೆಚ್ಚಿದಷ್ಟೂ ರಕ್ತ ಕಡಿಮೆ. ಸ್ಟ್ರೆಸ್ ಅಂಕದಲ್ಲಿ ವಿಶ್ರಾಂತಿಯ ಅಂಕ ಕಳೆದರೆ ಎಸ್‌ಡಿಎಸ್. ಅದು 7 ಎಂದರೆ ಹೃದಯದ ಸುಮಾರು ಶೇ 10 ಭಾಗಕ್ಕೆ ರಕ್ತ ಸಾಲುತ್ತಿಲ್ಲ, ಅದು ಸಣ್ಣದಲ್ಲ. "ಟಿಐಡಿ" ಎಂದರೆ ಸ್ಟ್ರೆಸ್ ಆದ ಮೇಲೆ ಕುಳಿ ದೊಡ್ಡದಾಗಿ ಕಾಣುವುದು, ಇದಕ್ಕೆ ಬೆಲೆ ಕೊಡಬೇಕು. ಮೂರೂ ನಾಳ ಸಮನಾಗಿ ಕಟ್ಟಿದ್ದಾಗ ಹೋಲಿಸಲು ಚೆನ್ನಾಗಿರುವ ಭಾಗವೇ ಇರುವುದಿಲ್ಲ. ಚಿತ್ರ ನಾರ್ಮಲ್‌ನಂತೆಯೇ ಬರಬಹುದು. ಆಗ ಸುಳಿವು ಕೊಡುವುದು ಟಿಐಡಿ, ಬಿಪಿ ಬಿದ್ದದ್ದು, ಇಸಿಜಿಯಲ್ಲಿ ಎಸ್‌ಟಿ ಇಳಿದದ್ದು.

ಸಿಟಿ ಆಂಜಿಯೋ: ಈ ವಯಸ್ಸಿನಲ್ಲಿ ಕ್ಯಾಲ್ಸಿಯಂನದ್ದೇ ಜಗಳ

ಸಿಟಿ ತೋರಿಸುವುದು ನಾಳದ ಆಕಾರವನ್ನು. ಹರಿವು ಅದಕ್ಕೆ ನೇರ ಕಾಣುವುದಿಲ್ಲ. ಐವತ್ತರವರಲ್ಲಿ ನಾಳ ಶುದ್ಧ ಎಂದು ಹೇಳಿ ಕಳಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಎಪ್ಪತ್ತೈದರ ಮೇಲೆ ನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕಟ್ಟಿರುವುದೇ ಹೆಚ್ಚು. ಅದು ಸಿಟಿಯಲ್ಲಿ ತನ್ನ ಅಳತೆಗಿಂತ ಹಿಗ್ಗಿ ಹೊಳೆಯುತ್ತದೆ, ಹಾಗಾಗಿ ಅರ್ಧ ಕಟ್ಟಿದ ನಾಳ ಮುಕ್ಕಾಲು ಕಟ್ಟಿದಂತೆ ಕಾಣುತ್ತದೆ. ಮೊದಲು ಕಾಂಟ್ರಾಸ್ಟ್ ಇಲ್ಲದೆ ಕ್ಯಾಲ್ಸಿಯಂ ಸ್ಕೋರ್ ತೆಗೆಯುತ್ತಾರೆ. ಅದು 400 ದಾಟಿದರೆ ಮುಂದಿನ ಚಿತ್ರದ ಮೇಲೆ ನಂಬಿಕೆ ಇಳಿಯುತ್ತದೆ, 1000 ದಾಟಿದರೆ ಅಲ್ಲಿಗೇ ನಿಲ್ಲಿಸಿ ಬೇರೆ ಪರೀಕ್ಷೆಗೆ ಹೋಗಿ ಎನ್ನುವುದು ಜಾಣತನ.

ಬಡಿತ 60ರ ಆಸುಪಾಸು ಇರಬೇಕು, ಅದಕ್ಕೆ ಮೆಟೊಪ್ರೊಲಾಲ್ ಕೊಡುತ್ತಾರೆ. ಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ ಚಿತ್ರ ಕದಡುತ್ತದೆ. ನಾಲಗೆಯಡಿ ನೈಟ್ರೋಗ್ಲಿಸರಿನ್ ಇಡುತ್ತಾರೆ. ಹಿಂದಿನ ಎರಡು ದಿನದಲ್ಲಿ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ನುಂಗಿದ್ದರೆ ಬಿಪಿ ಅಪಾಯಕರವಾಗಿ ಬೀಳುತ್ತದೆ. ಪ್ರಾಸ್ಟೇಟ್‌ಗೆಂದೂ ಟಡಾಲಾಫಿಲ್ ಬರೆಯುತ್ತಾರೆ, ಮಗಳ ಮುಂದೆ ಹೇಳಲು ತಂದೆ ಸಂಕೋಚಪಡುತ್ತಾರೆ. ಮಾತ್ರೆಗಳ ಡಬ್ಬಿಯನ್ನೇ ತೆಗೆದುಕೊಂಡು ಹೋಗುವುದು ಇದಕ್ಕೆ ಸುಲಭದ ದಾರಿ. ಅಯೋಡಿನ್ ಕಾಂಟ್ರಾಸ್ಟ್ ಕಿಡ್ನಿಗೆ ಹೊರೆ. ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದು ಮೆಟ್‌ಫಾರ್ಮಿನ್ ನುಂಗುವವರು ಪರೀಕ್ಷೆಯ ನಂತರ 48 ಗಂಟೆ ಅದನ್ನು ನಿಲ್ಲಿಸಿ, ಕ್ರಿಯಾಟಿನಿನ್ ನೋಡಿ ಮುಂದುವರಿಸಬೇಕು.

ಬೈಪಾಸ್ ಆದವರ ಗ್ರಾಫ್ಟ್ (ಆಪರೇಷನ್‌ನಲ್ಲಿ ಜೋಡಿಸಿದ ನಾಳ) ತೆರೆದಿದೆಯೇ ಎಂದು ನೋಡಲು ಸಿಟಿ ಚೆನ್ನಾಗಿದೆ. 3 ಮಿಲಿಮೀಟರ್‌ಗಿಂತ ಸಣ್ಣ ಸ್ಟೆಂಟ್‌ನ ಒಳಗೆ ನೋಡಲು ಆಗುವುದಿಲ್ಲ. 2015ರಲ್ಲಿ ಪ್ರಕಟವಾದ, 10,003 ಜನರನ್ನು ಒಳಗೊಂಡ ಪ್ರಾಮಿಸ್ ಅಧ್ಯಯನದಲ್ಲಿ ಸಿಟಿಯಿಂದ ಶುರುಮಾಡಿದವರಿಗೂ ಸ್ಟ್ರೆಸ್ ಪರೀಕ್ಷೆಯಿಂದ ಶುರುಮಾಡಿದವರಿಗೂ ಮುಂದಿನ ಫಲಿತಾಂಶದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಹಿರಿಯರ ಮಟ್ಟಿಗೆ ನಮ್ಮ ಒಲವು ಸ್ಟ್ರೆಸ್ ಕಡೆಗೆ. ಈ ವಯಸ್ಸಿನ ನಾಳದಲ್ಲಿ ಏನಾದರೂ ಕಂಡೇ ಕಾಣುತ್ತದೆ, ಅದರಿಂದ ರಕ್ತ ಕಡಿಮೆಯಾಗುತ್ತಿದೆಯೇ ಎಂಬುದು ಪ್ರಶ್ನೆ.

ಎಂಆರ್‌ಐ ಮತ್ತು ಪೆಟ್

ಸ್ಟ್ರೆಸ್ ಎಂಆರ್‌ಐ ಸಿಕ್ಕರೆ ಬಹಳ ಒಳ್ಳೆಯ ಪರೀಕ್ಷೆ. ವಿಕಿರಣ ಇಲ್ಲ, ಅಡಿನೋಸಿನ್ ಹರಿಯುವಾಗಿನ ರಕ್ತಸಂಚಾರವೂ ಹಳೆಯ ಕಲೆಯೂ ಒಂದೇ ಸಲಕ್ಕೆ ತಿಳಿಯುತ್ತದೆ. ಕಾಫಿ, ಡೆರಿಫಿಲ್ಲಿನ್ ನಿಯಮ ಇಲ್ಲಿಯೂ ಅದೇ. ಆದರೆ ಇದನ್ನು ಚೆನ್ನಾಗಿ ಮಾಡಿ ಓದುವವರು ಇರುವುದು ದೊಡ್ಡ ಊರುಗಳ ಕೆಲವೇ ಕೇಂದ್ರಗಳಲ್ಲಿ. ಇಕ್ಕಟ್ಟಿನ ಕೊಳವೆಯಲ್ಲಿ ಮುಕ್ಕಾಲು ಗಂಟೆ ಮಲಗಿ, ಹೇಳಿದಾಗಲೆಲ್ಲ ಹತ್ತು ಹದಿನೈದು ಸೆಕೆಂಡು ಉಸಿರು ಹಿಡಿಯಬೇಕು. ಕಿವಿ ಮಂದವಾದವರಿಗೆ ಯಂತ್ರದ ಸದ್ದಿನಲ್ಲಿ ಆ ಸೂಚನೆಯೇ ಕೇಳಿಸುವುದಿಲ್ಲ, ಶ್ರವಣಯಂತ್ರವನ್ನು ಹೊರಗೇ ಬಿಚ್ಚಿಡಬೇಕಲ್ಲ. ಒಳಗೆ ಹೋಗುವ ಮುಂಚೆ ಮನೆಯವರೇ ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡಿಸಿದರೆ ಚಿತ್ರ ಎಷ್ಟೋ ಉತ್ತಮವಾಗುತ್ತದೆ. ಹೃದಯದ ಸ್ಟೆಂಟ್ ಇದ್ದರೆ ಎಂಆರ್‌ಐ ಆಗುವುದಿಲ್ಲ ಎನ್ನುವುದು ತಪ್ಪು ತಿಳುವಳಿಕೆ, ಆಗುತ್ತದೆ. ಮಂಡಿಚಿಪ್ಪು ಬದಲಿಸಿದವರಿಗೂ ಸಾಮಾನ್ಯವಾಗಿ ತೊಂದರೆಯಿಲ್ಲ, ಇಂಪ್ಲಾಂಟ್ ಕಾರ್ಡ್ ತೋರಿಸಿ. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ನೋಡದೆ ಒಳಗೆ ಬಿಡಬಾರದು. ಕಿಡ್ನಿ ತೀರಾ ಕೆಟ್ಟಿದ್ದರೆ ಯಾವ ಬಗೆಯ ಗ್ಯಾಡೊಲಿನಿಯಂ (ಎಂಆರ್‌ಐನ ಕಾಂಟ್ರಾಸ್ಟ್) ಎಂದು ಕೇಳಲೇಬೇಕು.

ಪೆಟ್‌ನಲ್ಲಿ ರಕ್ತಸಂಚಾರವನ್ನು ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಅಳೆದೇ ಹೇಳಬಹುದು. ಹಾಗಾಗಿ ಮೂರೂ ನಾಳ ಸಮನಾಗಿ ಕಟ್ಟಿದ್ದರೂ ತಪ್ಪಿಸಿಕೊಳ್ಳುವುದಿಲ್ಲ. ಸ್ಟ್ರೆಸ್‌ನಲ್ಲಿ ಹರಿವು ಎರಡು ಪಟ್ಟಿಗಿಂತ ಹೆಚ್ಚಾದರೆ ಸಾಮಾನ್ಯವಾಗಿ ಸಮಾಧಾನ. ತೊಡಕು ಔಷಧದ ಆಯುಸ್ಸಿನದು: ಎನ್-13 ಅಮೋನಿಯಾ 10 ನಿಮಿಷಕ್ಕೆ ಅರ್ಧ, ರುಬಿಡಿಯಂ-82 76 ಸೆಕೆಂಡಿಗೇ ಅರ್ಧ. ಮೊದಲನೆಯದಕ್ಕೆ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಅದೇ ಆವರಣದಲ್ಲಿ ಬೇಕು, ಎರಡನೆಯದಕ್ಕೆ ದುಬಾರಿ ಜನರೇಟರ್. ಊರಲ್ಲಿ ಪೆಟ್ ಸೆಂಟರ್ ಇದೆ ಎಂದ ಮಾತ್ರಕ್ಕೆ ಹೃದಯದ ಈ ಪರೀಕ್ಷೆ ಅಲ್ಲಿದೆ ಎಂದಲ್ಲ, ಬಹುತೇಕ ಕ್ಯಾನ್ಸರ್‌ಗೆ ಬಳಸುತ್ತಾರೆ.

ಹಾಗಾದರೆ ಯಾರಿಗೆ ಯಾವುದು

ಮಂಡಿನೋವು, ಇಸಿಜಿ ಸರಿ, ಉಬ್ಬಸ ಇಲ್ಲ: ಅಡಿನೋಸಿನ್ ಥಾಲಿಯಂ, ಅಥವಾ ನುರಿತ ಕೈ ಇದ್ದರೆ ಡೊಬ್ಯುಟಮಿನ್ ಎಕೋ. ಎರಡರ ನಿಖರತೆಯೂ ಹತ್ತಿರ ಹತ್ತಿರ, ನಿಮ್ಮೂರಲ್ಲಿ ಯಾವುದನ್ನು ಹೆಚ್ಚು ಮಾಡುತ್ತಾರೋ ಅದು. ಲೆಫ್ಟ್ ಬಂಡಲ್ ಬ್ಲಾಕ್ ಅಥವಾ ಪೇಸ್‌ಮೇಕರ್: ಅಡಿನೋಸಿನ್ ಥಾಲಿಯಂ. ದಮ್ಮು ಜೋರಿದ್ದರೆ ಡೊಬ್ಯುಟಮಿನ್, ಎಕೋ ಚಿತ್ರ ಮಸುಕಾದರೆ ಡೊಬ್ಯುಟಮಿನ್ ಕೊಟ್ಟು ಥಾಲಿಯಂ. ಕಿಡ್ನಿ ಕೆಟ್ಟವರು ಸಿಟಿ ಬಿಟ್ಟು ಎಕೋ ಅಥವಾ ಥಾಲಿಯಂ. ನೆನಪು ಕೆಟ್ಟು ಹೇಳಿದ ಮಾತು ಹಿಡಿಯದವರಿಗೆ ಉಸಿರು ಹಿಡಿಯುವ ಪರೀಕ್ಷೆಗಳು ಬೇಡ, ಜೊತೆಗೆ ಮನೆಯವರೊಬ್ಬರು ನಿಲ್ಲಬಹುದಾದ ಎಕೋ ಒಳ್ಳೆಯದು. ನಾಲ್ಕು ಹೆಜ್ಜೆಗೇ ನೋವು, ಔಷಧಕ್ಕೂ ಬಗ್ಗದು, ಪಂಪಿಂಗ್ ಕೂಡ ಕಡಿಮೆ ಎಂದಾದರೆ ನಡುವಿನ ಪರೀಕ್ಷೆಗಳನ್ನು ಬಿಟ್ಟು ನೇರ ಆಂಜಿಯೋಗ್ರಾಂ ಮಾತಾಡುವುದೇ ಸರಿ. ಅಲ್ಲಿ ಅನುಮಾನದ ಬ್ಲಾಕ್ ಕಂಡರೆ ತಂತಿ ಇಳಿಸಿ ಎಫ್‌ಎಫ್‌ಆರ್ (ಬ್ಲಾಕಿನ ಆಚೆಗೂ ಈಚೆಗೂ ಇರುವ ರಕ್ತದೊತ್ತಡದ ಅನುಪಾತ) ಅಳೆಯಬಹುದು, 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ಹರಿವನ್ನು ನಿಜಕ್ಕೂ ತಡೆಯುತ್ತಿದೆ.

ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಮುಂಚೆ, ಹೊಸ ತೊಂದರೆ ಇಲ್ಲದವರಿಗೆ, ಇವು ಯಾವುವೂ ಬೇಡ. ಬಿದ್ದು ಸೊಂಟದ ಮೂಳೆ ಮುರಿದಾಗ ಹೃದಯ ಪರೀಕ್ಷೆಯ ಹೆಸರಲ್ಲಿ ಆಪರೇಷನ್ ಮೂರು ನಾಲ್ಕು ದಿನ ಮುಂದೆ ಹೋಗುವುದು ಹಿರಿಯ ಜೀವಕ್ಕೆ ಹೆಚ್ಚು ಅಪಾಯ.

ಪರೀಕ್ಷೆಯೇ ಬೇಡವೆನ್ನುವ ಸಂದರ್ಭವೂ ಉಂಟು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲಿ ಸ್ಟ್ರೆಸ್ ಪರೀಕ್ಷೆ ಗಣನೀಯವಾಗಿ ಪಾಸಿಟಿವ್ ಬಂದಿದ್ದ 5,179 ಸ್ಥಿರ ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಮೊದಲೇ ಆಂಜಿಯೋಗ್ರಾಂ, ಸ್ಟೆಂಟ್ ಅಥವಾ ಬೈಪಾಸ್‌ಗೆ ಹೋದವರಲ್ಲೂ, ಔಷಧದಿಂದ ಶುರುಮಾಡಿದವರಲ್ಲೂ ಸಾವು ಮತ್ತು ಹೃದಯಾಘಾತದ ಒಟ್ಟು ಲೆಕ್ಕದಲ್ಲಿ ಸುಮಾರು ಮೂರು ವರ್ಷದಲ್ಲಿ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಎದೆನೋವು ಹೆಚ್ಚಿದ್ದವರಿಗೆ ಮಾತ್ರ ಸ್ಟೆಂಟ್, ಬೈಪಾಸ್‌ನಿಂದ ನೋವು ಚೆನ್ನಾಗಿ ಇಳಿಯಿತು. ಹಾಸಿಗೆ ಹಿಡಿದಿರುವ, ಯಾವ ಕಾರಣಕ್ಕೂ ಆಂಜಿಯೋಗ್ರಾಂ ಬೇಡ ಎಂದು ತಾವೇ ನಿರ್ಧರಿಸಿರುವ 86ರ ಅಜ್ಜನಿಗೆ ಆಸ್ಪಿರಿನ್, ಸ್ಟ್ಯಾಟಿನ್, ಹೃದಯದ ಎದೆನೋವು ತಡೆಯುವ ಮಾತ್ರೆ ಸರಿಯಾಗಿ ಹೊಂದಿಸುವುದೇ ಚಿಕಿತ್ಸೆ. ಅವರನ್ನು ಸ್ಕ್ಯಾನಿಗಾಗಿ ಆಂಬುಲೆನ್ಸಿನಲ್ಲಿ ನೂರು ಕಿಲೋಮೀಟರ್ ಒಯ್ಯುವ ಮುಂಚೆ ಡಾಕ್ಟರನ್ನು ಒಂದೇ ಮಾತು ಕೇಳಿ: ಪಾಸಿಟಿವ್ ಬಂದರೆ ಬೇರೆ ಏನು ಮಾಡುತ್ತೀರಿ?

ಹೊರಡುವ ಹಿಂದಿನ ರಾತ್ರಿ

ಎಲ್ಲ ಮಾತ್ರೆಗಳ ಡಬ್ಬಿ, ಹಳೆಯ ಇಸಿಜಿ, ಎಕೋ ವರದಿ, ಸ್ಟೆಂಟ್ ಅಥವಾ ಪೇಸ್‌ಮೇಕರ್ ಕಾರ್ಡ್ ಒಂದೇ ಚೀಲದಲ್ಲಿರಲಿ. ಇನ್ಸುಲಿನ್ ಮತ್ತು ಸಕ್ಕರೆ ಮಾತ್ರೆಯನ್ನು ಅವತ್ತು ಬೆಳಿಗ್ಗೆ ಎಷ್ಟು, ಯಾವಾಗ ಎಂದು ಮೊದಲೇ ಬರೆಸಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಮಾಮೂಲಿ ಡೋಸ್ ಹಾಕಿಕೊಂಡು ಕಾಯುವ ಕೋಣೆಯಲ್ಲಿ ಸಕ್ಕರೆ ಇಳಿದು ಕುಸಿಯುವವರು ಇದ್ದಾರೆ. ಮುಂದೆ ಗುಂಡಿ ಇರುವ ಅಂಗಿ ಅಥವಾ ರವಿಕೆ, ಕಬ್ಬಿಣದ ಕೊಕ್ಕೆ ಇಲ್ಲದ್ದು. ಪರೀಕ್ಷೆ ಮುಗಿದ ಮೇಲೆ ತಿನ್ನಲು ಇಡ್ಲಿ, ಫ್ಲಾಸ್ಕಿನಲ್ಲಿ ಹಾಲು. ಕಾಫಿ ಫಿಲ್ಟರನ್ನು ಆ ರಾತ್ರಿ ತೊಳೆದು ಒಳಗಿಟ್ಟುಬಿಡಿ. ಸ್ಕ್ಯಾನ್ ಆದ ಮೇಲೆ ಹಾಳೆಯ ವರದಿಯ ಜೊತೆ ಚಿತ್ರಗಳ ಸಿಡಿಯನ್ನೂ ಕೇಳಿ ಪಡೆಯಿರಿ. ಮುಂದಿನ ವರ್ಷ ಇನ್ನೊಬ್ಬ ಡಾಕ್ಟರು ಹೋಲಿಸಿ ನೋಡುವುದು ಅದನ್ನೇ.